ಆತ್ಮಿಕ ಯುದ್ಧ: ಶತ್ರು ಪಕ್ಕದ ಮನೆಯವನಲ್ಲ

‘ಆತ್ಮಿಕ ಯುದ್ಧ’ ಅಂದ ತಕ್ಷಣ ನಿಮ್ಮಲ್ಲಿ ಬಹಳಷ್ಟು ಜನರ ಕಣ್ಣ ಮುಂದೆ ಏನು ಬರುತ್ತದೆ ಅಂತ ಊಹಿಸಬಲ್ಲೆ. ದೊಡ್ಡ ಶಾಮಿಯಾನ, ಕಿವಿ ಹರಿದುಹೋಗುವ ಹಾಗೆ ಅರಚುವ ಸ್ಪೀಕರ್, ಕೂದಲು ಕೆದರಿಕೊಂಡು ನೆಲದ ಮೇಲೆ ಹೊರಳಾಡುವ ಒಬ್ಬ ಹೆಣ್ಣುಮಗಳು, ಅವಳ ತಲೆ ಮೇಲೆ ಕೈಯಿಟ್ಟು ಅವಳಿಗಿಂತ ಜೋರಾಗಿ ಕೂಗುವ ಒಬ್ಬ ಪಾಸ್ಟರ್. ಸ್ವಲ್ಪ ಅನುಮಾನದ ಸ್ವಭಾವದವರಾದರೆ ಇನ್ನೊಂದು ಪ್ರಶ್ನೆಯೂ ಬರುತ್ತದೆ: "ಯುದ್ಧ ಸರಿ ಕಣಯ್ಯಾ, ಯಾರ ಮೇಲೆ? ನಮ್ಮ ಮೇಲೇನಾ?"

ಎರಡೂ ನ್ಯಾಯವಾದ ಅನುಮಾನಗಳೇ. ಅದಕ್ಕೇ ಈ ಬರಹ.

ನಾನು ಕ್ರೈಸ್ತ ಮನೆಯಲ್ಲಿ ಹುಟ್ಟಿ, ಸಂಡೇ ಸ್ಕೂಲಿನಲ್ಲಿ ವಾಕ್ಯ ಬಾಯಿಪಾಠ ಮಾಡಿ, ಆಮೇಲೆ ಎಂಜಿನಿಯರಿಂಗ್ ಓದಿ, ಈಗ ಹೊಟ್ಟೆಪಾಡಿಗೆ ಕೋಡ್ ಬರೆಯುವವನು. ದೇವಶಾಸ್ತ್ರ ಓದಿದವನಲ್ಲ. ಆದರೂ ಈ ವಿಷಯದಲ್ಲಿ ನನಗೊಂದು ಗಟ್ಟಿ ಅಭಿಪ್ರಾಯ ಇದೆ. ಆತ್ಮಿಕ ಯುದ್ಧಕ್ಕೆ ಸಿದ್ಧವಾಗುವುದು ಅಂದರೆ ಕೂಗಾಡುವುದಲ್ಲ, ದೆವ್ವ ಹುಡುಕಿಕೊಂಡು ಹೋಗುವುದಂತೂ ಅಲ್ಲವೇ ಅಲ್ಲ. ಅದು ಯುದ್ಧ ಇಲ್ಲದ ದಿನಗಳಲ್ಲಿ, ಯಾರೂ ನೋಡದಿರುವಾಗ, ದಿನಾ ಮಾಡಬೇಕಾದ ಬೋರ್ ಹೊಡೆಸುವ ಕೆಲಸ. ಆ ಕೆಲಸದ ಮೊದಲ ಪಾಠವೇ ಮನುಷ್ಯರ ಹೆಸರನ್ನು ಶತ್ರುಗಳ ಪಟ್ಟಿಯಿಂದ ತೆಗೆದುಹಾಕುವುದು. ಈ ಪಾಠ ಮರೆತರೆ ಉಳಿದದ್ದೆಲ್ಲ ಹಳಿ ತಪ್ಪುತ್ತದೆ. ಕೆಲವು ಸಲ ಜೀವವೇ ಹೋಗುತ್ತದೆ. ಹೇಗೆ ಅಂತ ಹೇಳುತ್ತೇನೆ.

* * *

ಮೊದಲು ಮೂಲಕ್ಕೆ ಹೋಗೋಣ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಎಫೆಸದವರಿಗೆ ಬರೆದ ಒಂದು ಪತ್ರ ಇದೆ. ಪೌಲನ ಹೆಸರಿನಲ್ಲಿರುವ ಪತ್ರ. ಅವನೇ ಬರೆದನೋ, ಅವನ ಶಿಷ್ಯರು ಬರೆದರೋ ಅಂತ ವಿದ್ವಾಂಸರ ನಡುವೆ ಚರ್ಚೆ ಇದೆ, ಅದು ಹಾಗಿರಲಿ. ಪತ್ರ ಬರೆದವನು ತಾನು ಬೇಡಿ ತೊಟ್ಟ ರಾಯಭಾರಿ ಅಂತ ಹೇಳಿಕೊಳ್ಳುತ್ತಾನೆ. ಆ ಪತ್ರದ ಆರನೇ ಅಧ್ಯಾಯದಲ್ಲಿ ಈ ಯುದ್ಧದ ಮಾತು ಬರುತ್ತದೆ.

ಈ ಎಫೆಸ ಎಂಥ ಊರು ಅಂತ ಗೊತ್ತಾದರೆ ಮಾತ್ರ ಪತ್ರದ ತೂಕ ಗೊತ್ತಾಗುವುದು. ಇಂದಿನ ಟರ್ಕಿಯ ಪಶ್ಚಿಮ ಕರಾವಳಿ ಕಡೆಯ ದೊಡ್ಡ ಬಂದರು ಪಟ್ಟಣ ಅದು. ಅಲ್ಲಿನ ಆರ್ಟೆಮಿಸ್ ದೇವಿಯ ಗುಡಿ ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದು. ಜೊತೆಗೆ ಮಾಟ-ಮಂತ್ರಕ್ಕೂ ಆ ಊರು ಹೆಸರುವಾಸಿ. ‘ಎಫೆಸದ ಅಕ್ಷರಗಳು’ ಅಂತಲೇ ಕೆಲವು ಅರ್ಥವಾಗದ ಪದಗಳಿದ್ದವು, ಕೆಟ್ಟದ್ದು ತಾಗದಿರಲಿ ಅಂತ ಜನ ಅವನ್ನು ಹೇಳಿಕೊಳ್ಳುತ್ತಿದ್ದರು. ನಮ್ಮಲ್ಲಿ ತಾಯತ ಕಟ್ಟಿಸಿಕೊಳ್ಳುತ್ತಾರಲ್ಲ, ಅಂಥದ್ದೇ ನಂಬಿಕೆ. ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 19ನೇ ಅಧ್ಯಾಯದ ಪ್ರಕಾರ, ಅಲ್ಲಿ ಕ್ರೈಸ್ತರಾದವರು ತಮ್ಮ ಮಂತ್ರದ ಪುಸ್ತಕಗಳನ್ನು ತಂದು ಎಲ್ಲರೆದುರು ಸುಟ್ಟರಂತೆ. ಬೆಲೆ 50 ಸಾವಿರ ಬೆಳ್ಳಿ ನಾಣ್ಯ!

ಅದೇ ಅಧ್ಯಾಯದಲ್ಲಿ ಒಂದು ತಮಾಷೆಯ ಪ್ರಸಂಗವೂ ಇದೆ. ಸ್ಕೇವ ಅನ್ನುವವನ ಏಳು ಜನ ಮಕ್ಕಳು ದೆವ್ವ ಬಿಡಿಸುವ ಕಸುಬಿನವರು. ಪೌಲ ಯೇಸುವಿನ ಹೆಸರು ಹೇಳುವುದನ್ನು ನೋಡಿ ಇವರೂ ಅದೇ ಹೆಸರನ್ನು ಮಂತ್ರದ ಹಾಗೆ ಬಳಸಲು ಹೋಗುತ್ತಾರೆ. ದೆವ್ವ ತಿರುಗಿ, ‘ಅವರಿಬ್ಬರ ಪರಿಚಯ ನನಗುಂಟು, ನಿಮ್ಮದು ಯಾವ ಊರು ಸ್ವಾಮಿ?’ ಅನ್ನುವ ಅರ್ಥದಲ್ಲಿ ವಿಚಾರಿಸಿಕೊಳ್ಳುತ್ತದೆ. ದೆವ್ವ ಹಿಡಿದವನ ಕೈಯಲ್ಲಿ ಪೆಟ್ಟು ತಿಂದು, ಬಟ್ಟೆ ಕಳಕೊಂಡು ಏಳೂ ಜನ ಮನೆಯಿಂದ ಓಟ ಕೀಳುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಬೇರೆಯವರ ಪಾಸ್‌ವರ್ಡ್ ಹಾಕಿ ಲಾಗಿನ್ ಆಗಲು ಹೋಗಿ ಸಿಕ್ಕಿಬಿದ್ದ ಕಥೆ :)

ಈಗ ಯೋಚನೆ ಮಾಡಿ. ಇಂಥ ಊರಿನವರಿಗೆ ‘ಕೆಟ್ಟ ಶಕ್ತಿಗಳ ವಿರುದ್ಧ ಸಿದ್ಧರಾಗಿ’ ಅಂತ ಬರೆಯುವಾಗ ಏನು ನಿರೀಕ್ಷೆ ಮಾಡುತ್ತೀರಿ? ಇನ್ನೂ ಜೋರಾದ ಮಂತ್ರ, ಇನ್ನೂ ದೊಡ್ಡ ತಾಯತ, ದೆವ್ವಗಳ ಹೆಸರಿನ ಪಟ್ಟಿ... ಒಂದೂ ಇಲ್ಲ. ಅವನು ಕೊಡುವುದು ಸೈನಿಕನ ಉಡುಪಿನ ಆರು ಭಾಗ. ನಡುಕಟ್ಟು ಅಂದರೆ ಸತ್ಯ. ಎದೆಕವಚ ಅಂದರೆ ನೀತಿ. ಕಾಲಿನ ಕೆರ ಅಂದರೆ ಸಮಾಧಾನದ ಸುವಾರ್ತೆ. ಗುರಾಣಿ ಅಂದರೆ ನಂಬಿಕೆ. ಶಿರಸ್ತ್ರಾಣ ಅಂದರೆ ರಕ್ಷಣೆ. ಕತ್ತಿ ಅಂದರೆ ದೇವರ ವಾಕ್ಯ. ಕೊನೆಗೆ, ಎಡೆಬಿಡದ ಪ್ರಾರ್ಥನೆ.

ಇದರಲ್ಲಿ ಮೂರು ವಿಷಯ ಗಮನಿಸಿ. ಒಂದು, ಆರರಲ್ಲಿ ಐದು ಕಾಪಾಡಿಕೊಳ್ಳುವುದಕ್ಕೆ ಇರುವಂಥವು, ಹೊಡೆಯುವುದಕ್ಕೆ ಇರುವುದು ಒಂದೇ. ಆ ಭಾಗದಲ್ಲಿ ಮತ್ತೆ ಮತ್ತೆ ಬರುವ ಕ್ರಿಯಾಪದವೂ ‘ನುಗ್ಗು’ ಅಲ್ಲ, ‘ನಿಲ್ಲು’. ಎರಡು, ಯುದ್ಧಕ್ಕೆ ಹೊರಟವನ ಕಾಲಿಗೆ ತೊಡಿಸಿರುವುದು ಸಮಾಧಾನ! ಎಲ್ಲಿ ಕಾಲಿಟ್ಟರೂ ಶಾಂತಿಯ ಹೆಜ್ಜೆ ಬೀಳಬೇಕು ಅನ್ನುವ ಹಾಗೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಈ ಪಟ್ಟಿ ಶುರುವಾಗುವ ಮೊದಲೇ ಅವನು ಒಂದು ಷರತ್ತು ಹಾಕುತ್ತಾನೆ: ನಮ್ಮ ಹೋರಾಟ ಇರುವುದು ಮನುಷ್ಯರ ಜೊತೆ ಅಲ್ಲ ಅಂತ. ಇದನ್ನು ಬರೆಯುವಾಗ ಅವನನ್ನು ಬೇಡಿಯಲ್ಲಿಟ್ಟವರು ಮನುಷ್ಯರೇ, ಅದನ್ನು ಮರೆಯಬೇಡಿ. ಕಾವಲುಗಾರನನ್ನು ತೋರಿಸಿ ‘ಇವನೇ ಶತ್ರು’ ಅನ್ನುವುದು ಬಹಳ ಸುಲಭ ಇತ್ತು. ಅನ್ನಲಿಲ್ಲ.

ನನ್ನ ಕೆಲಸದಲ್ಲಿ ಇದಕ್ಕೆ ಹತ್ತಿರದ ಒಂದು ಪದ್ಧತಿ ಇದೆ. ರಾತ್ರಿ ಸರ್ವರ್ ಬಿದ್ದುಹೋದರೆ ಮಾರನೇ ದಿನ ಟೀಮಿನವರೆಲ್ಲ ಕೂತು ಏನಾಯ್ತು ಅಂತ ವಿಚಾರಿಸುತ್ತೇವೆ. ಒಳ್ಳೆಯ ಟೀಮಿನಲ್ಲಿ ‘ಯಾರು ಕೆಡಿಸಿದ್ದು?’ ಅಂತ ಕೇಳುವುದಿಲ್ಲ, ‘ಏನು ಕೆಟ್ಟಿತು, ಯಾಕೆ ಕೆಟ್ಟಿತು?’ ಅಂತ ಕೇಳುತ್ತಾರೆ. ‘ಯಾರು’ ಅಂತ ಶುರು ಮಾಡಿದ ಮೀಟಿಂಗಿನಲ್ಲಿ ನಿಜವಾದ ಕಾರಣ ಸಿಗುವುದೇ ಇಲ್ಲ, ಎಲ್ಲರೂ ತಮ್ಮ ತಮ್ಮ ತಲೆ ಉಳಿಸಿಕೊಳ್ಳುವುದರಲ್ಲೇ ಇರುತ್ತಾರೆ. ನಿಜವಾದ ತೊಂದರೆ ಅಲ್ಲೇ ಆರಾಮಾಗಿ ಕೂತಿರುತ್ತದೆ. ಪೌಲನ ಷರತ್ತು ಕೂಡ ಬರೀ ಒಳ್ಳೆಯತನದ ಮಾತಲ್ಲ. ಮನುಷ್ಯನ ಜೊತೆ ಬಡಿದಾಡುತ್ತಾ ಕೂತರೆ ನಿಜವಾದ ಶತ್ರು ಯಾವತ್ತೂ ಕೈಗೆ ಸಿಗುವುದಿಲ್ಲ ಅನ್ನುವ ಪಕ್ಕಾ ಯುದ್ಧತಂತ್ರದ ಮಾತು.

ಹಾಗಾದರೆ ಆ ಶತ್ರು ಒಳಗೆ ಬರುವ ಬಾಗಿಲು ಯಾವುದು? ಅದೂ ಅದೇ ಪತ್ರದಲ್ಲಿದೆ, ಎರಡು ಅಧ್ಯಾಯ ಮೊದಲು. ಹೊತ್ತು ಮುಳುಗಿದ ಮೇಲೂ ಸಿಟ್ಟು ಇಟ್ಟುಕೊಂಡಿದ್ದರೆ ಸೈತಾನನಿಗೆ ಜಾಗ ಕೊಟ್ಟ ಹಾಗೆ ಅನ್ನುವ ಅರ್ಥದ ಬುದ್ಧಿಮಾತು ಅಲ್ಲಿದೆ. ಹುಣಸೇಮರ, ಸ್ಮಶಾನ, ಅಮಾವಾಸ್ಯೆ ಯಾವುದೂ ಅಲ್ಲ. ಹೆಂಡತಿ ಜೊತೆ, ಅಣ್ಣನ ಜೊತೆ, ಮ್ಯಾನೇಜರ್ ಜೊತೆ ಜಗಳ ಆಡಿ ಸಿಟ್ಟನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತೀವಲ್ಲ, ಅದೇ ಬಾಗಿಲು.

* * *

ಇನ್ನು ಸಿದ್ಧತೆಯ ವಿಚಾರ. ಪೌಲನ ಕಾಲದ ಓದುಗರಿಗೆ ಸೈನಿಕ ಅಂದರೆ ರೋಮಿನ ಸೈನಿಕ. ಅದೇ ಮೊದಲ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್ ರೋಮಿನ ಸೇನೆಯನ್ನು ಎದುರಾಳಿಯಾಗಿ ನಿಂತು ನೋಡಿದವನು. ಇವರು ಯುದ್ಧ ಬಂದಾಗ ಆಯುಧ ಹುಡುಕುವವರಲ್ಲ, ಶಾಂತಿಯ ದಿನಗಳಲ್ಲೂ ದಿನಾ ಅಭ್ಯಾಸ ಮಾಡುವವರು, ಗೆಲ್ಲುವುದು ಅದರಿಂದಲೇ ಅಂತ ಅವನು ವಿವರಿಸುತ್ತಾನೆ. ಆಮೇಲೆ ವೆಜಿಟಿಯಸ್ ಅನ್ನುವವನು ರೋಮಿನ ಸೇನಾಪದ್ಧತಿ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ವಿವರ ಇದೆ: ಹೊಸದಾಗಿ ಸೇರಿದವರು ನೆಲಕ್ಕೆ ಹೂತ ಕಂಬದ ಎದುರು ಮರದ ಕತ್ತಿ ಹಿಡಿದು ಅಭ್ಯಾಸ ಮಾಡಬೇಕು, ಆ ಮರದ ಕತ್ತಿ ನಿಜವಾದ ಕತ್ತಿಗಿಂತ ಎರಡರಷ್ಟು ಭಾರ! ಕಂಬಕ್ಕೆ ಹೊಡೆದು ಹೊಡೆದು ಕೈ ಪಳಗಿದ ಮೇಲೆ ನಿಜವಾದ ಕತ್ತಿ ಹಗುರ ಅನಿಸುತ್ತದೆ.

ಪತ್ರದಲ್ಲಿ ಗುರಾಣಿಗೆ ಬಳಸಿದ ಗ್ರೀಕ್ ಪದ ‘ಥುರೆಯೋಸ್’. ಬಾಗಿಲು ಅನ್ನುವ ಪದದಿಂದ ಬಂದದ್ದು. ಬಾಗಿಲಿನಷ್ಟು ದೊಡ್ಡ ಗುರಾಣಿ ಅಂತ. ರೋಮಿನವರು ಇಂಥ ಗುರಾಣಿಗಳನ್ನು ಒಂದಕ್ಕೊಂದು ತಾಗಿಸಿ ಗೋಡೆಯ ಹಾಗೆ ನಿಲ್ಲುತ್ತಿದ್ದರು. ಸಾಲಿನಲ್ಲಿ ನಿಂತವನ ಗುರಾಣಿ ಅವನನ್ನಷ್ಟೇ ಅಲ್ಲ, ಪಕ್ಕದವನನ್ನೂ ಕಾಯುತ್ತದೆ. ಪತ್ರದ ಆ ಭಾಗವೂ ‘ನೀನು’ ಅಂತ ಅಲ್ಲ, ‘ನೀವು’ ಅಂತ ಬಹುವಚನದಲ್ಲಿದೆ. ಒಬ್ಬನೇ ಕತ್ತಿ ಎತ್ತಿಕೊಂಡು ನೂರು ಜನರ ಮೇಲೆ ಬೀಳುವ ಸಿನಿಮಾ ಹೀರೋ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಯೇಸುವಿನ ಕಥೆಯಲ್ಲೂ ಇದೇ ಕ್ರಮ. ಅರಣ್ಯದಲ್ಲಿ 40 ದಿನ ಉಪವಾಸ ಇದ್ದಾಗ ಸೈತಾನ ಮೂರು ಸಲ ಪರೀಕ್ಷೆ ಮಾಡುತ್ತಾನೆ. ಮೂರಕ್ಕೂ ಆತ ಉತ್ತರ ಕೊಡುವುದು ಧರ್ಮೋಪದೇಶಕಾಂಡದ ಮಾತುಗಳಿಂದ, ಚಿಕ್ಕಂದಿನಿಂದ ಕೇಳಿ ಬಾಯಿಗೆ ಬಂದಿರಬೇಕಾದ ಮಾತುಗಳಿಂದ. ಕುತೂಹಲದ ಸಂಗತಿ ಏನೆಂದರೆ ಸೈತಾನನೂ ಶಾಸ್ತ್ರದ ವಾಕ್ಯವನ್ನೇ ಹೇಳುತ್ತಾನೆ, 91ನೇ ಕೀರ್ತನೆಯಿಂದ. ಫಿಶಿಂಗ್ ಮೇಲ್ ಬರುವುದೂ ಹೀಗೆಯೇ ತಾನೇ? ನಮಗೆ ಪರಿಚಯವಿರುವ ಬ್ಯಾಂಕಿನ ಲೋಗೋ, ನಮಗೆ ನಂಬಿಕೆಯಿರುವ ಹೆಸರು. ಅಸಲಿ ಯಾವುದು ಅಂತ ಮೊದಲೇ ಚೆನ್ನಾಗಿ ಗೊತ್ತಿದ್ದವನು ಮಾತ್ರ ನಕಲಿಯನ್ನು ಹಿಡಿಯಬಲ್ಲ. ಕ್ಲಿಕ್ ಮಾಡುವ ಹೊತ್ತಿನಲ್ಲಿ ಕಲಿಯಲಿಕ್ಕೆ ಆಗುವುದಿಲ್ಲ.

ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿ ಇದ್ದ ಇವಾಗ್ರಿಯಸ್ ಅನ್ನುವ ಸನ್ಯಾಸಿ ಈ ಕೆಲಸವನ್ನು ಪಟ್ಟಿ ಮಾಡಿಯೇ ಇಟ್ಟ. ಮನುಷ್ಯನನ್ನು ಕೆಡಿಸುವ ಎಂಟು ಯೋಚನೆಗಳು: ಹೊಟ್ಟೆಬಾಕತನ, ಕಾಮ, ದುರಾಸೆ, ದುಃಖ, ಸಿಟ್ಟು, ಬೇಸರ, ಹೆಸರಿನ ಹುಚ್ಚು, ಗರ್ವ. ಒಂದೊಂದು ಯೋಚನೆ ಬಂದಾಗಲೂ ತಿರುಗಿ ಹೇಳಲು ಯಾವ ಶಾಸ್ತ್ರವಾಕ್ಯ ಅಂತ ಎಂಟು ಭಾಗಗಳ ಒಂದು ಪುಸ್ತಕವನ್ನೇ ಮಾಡಿದ. ಆರನೇ ಶತಮಾನದ ಕೊನೆಗೆ ಪೋಪ್ ಗ್ರೆಗೊರಿ ಈ ಪಟ್ಟಿಯನ್ನು ತಿದ್ದಿದ ಮೇಲೆ ಬಂದದ್ದೇ ಈಗ ಎಲ್ಲರಿಗೂ ಗೊತ್ತಿರುವ ‘ಏಳು ಮಹಾಪಾಪಗಳು’.

‘ಅರೆ, ಇದು ನಮ್ಮ ಅರಿಷಡ್ವರ್ಗ ಅಲ್ವಾ?’ ಅಂತೀರಿ. ಬಹಳ ಹತ್ತಿರದ್ದು, ನಿಜ. ಕಾಮ ಕ್ರೋಧ ಲೋಭ ಮೋಹ ಮದ ಮತ್ಸರಗಳನ್ನು ‘ಅರಿ’ ಅಂದರೆ ಶತ್ರು ಅಂತಲೇ ಕರೆದ ನಾಡು ನಮ್ಮದು. ಅಣ್ಣನನ್ನು ಗೆದ್ದ ಮೇಲೆ ರಾಜ್ಯ ಬಿಟ್ಟು ತನ್ನನ್ನೇ ಗೆಲ್ಲಲು ನಿಂತ ಬಾಹುಬಲಿ ಶ್ರವಣಬೆಳಗೊಳದಲ್ಲಿ ಸಾವಿರ ವರ್ಷದಿಂದ ನಿಂತೇ ಇದ್ದಾನೆ. ‘ಜಿನ’ ಅನ್ನುವ ಪದಕ್ಕೇ ಗೆದ್ದವನು ಅಂತ ಅರ್ಥ. ಹಾಗಾಗಿ ಒಳಗಿನ ಯುದ್ಧ ಅನ್ನುವುದು ಕನ್ನಡಿಗರಿಗೆ ಹೊಸ ಮಾತಲ್ಲ. ಆದರೆ ಎರಡೂ ಒಂದೇ ಅಂತ ಹೇಳಿ ನಿಮ್ಮನ್ನು ಖುಷಿಪಡಿಸಲು ನಾನು ಹೊರಟಿಲ್ಲ. ಕ್ರೈಸ್ತ ನಂಬಿಕೆಯಲ್ಲಿ ಕೆಡುಕು ನಮ್ಮ ಮನಸ್ಸಿನ ಗುಣ ಮಾತ್ರ ಅಲ್ಲ, ಅದಕ್ಕೆ ನಮ್ಮ ಹೊರಗೂ ಒಂದು ಇರವು ಇದೆ. ಮತ್ತು ಗೆಲ್ಲುವುದು ನಮ್ಮ ಸಾಧನೆಯಿಂದ ಅಲ್ಲ. ಆ ಕವಚ ಕೂಡ ಮೂಲದಲ್ಲಿ ಸೈನಿಕನದ್ದಲ್ಲ, ಯೆಶಾಯ ಪ್ರವಾದಿಯ ಪುಸ್ತಕದಲ್ಲಿ ದೇವರೇ ನೀತಿಯ ಕವಚ, ರಕ್ಷಣೆಯ ಶಿರಸ್ತ್ರಾಣ ತೊಟ್ಟುಕೊಂಡು ಬರುತ್ತಾನೆ. ನಮಗೆ ಸಿಕ್ಕಿರುವುದು ಎರವಲು ಉಡುಪು. ಎರವಲು ತಂದದ್ದಾದರೂ ತೊಟ್ಟುಕೊಳ್ಳುವ ಕೆಲಸ ನಮ್ಮದೇ.

* * *

ಇದೆಲ್ಲ ಸನ್ಯಾಸಿಗಳ ಕಥೆ ಆಯ್ತು, ಬೀದಿಯಲ್ಲಿ ಇದು ನಡೆಯುತ್ತಾ ಅಂತ ಕೇಳುವವರಿಗೆ ನನ್ನ ಉತ್ತರ ಅಮೆರಿಕದ ನ್ಯಾಶ್‌ವಿಲ್ ಊರು.

ಜೇಮ್ಸ್ ಲಾಸನ್ ಅಂತ ಒಬ್ಬ ಕರಿಯ ಮೆಥಡಿಸ್ಟ್ ಯುವಕ. ಕೊರಿಯಾ ಯುದ್ಧದ ಕಾಲದಲ್ಲಿ ಸೇನೆಗೆ ಸೇರಲು ಒಪ್ಪದೆ ಜೈಲಿಗೆ ಹೋದವರು. ಆಮೇಲೆ ನಮ್ಮ ದೇಶಕ್ಕೆ ಬಂದು ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಕೆಲಸ ಮಾಡುತ್ತಾ ಗಾಂಧೀಜಿಯ ಹೋರಾಟದ ದಾರಿಯನ್ನು ಓದಿಕೊಂಡರು. 1956ರಲ್ಲಿ ವಾಪಸ್ ಹೋದರು. 1959ರಲ್ಲಿ ನ್ಯಾಶ್‌ವಿಲ್ಲಿನ ಒಂದು ಮೆಥಡಿಸ್ಟ್ ಚರ್ಚಿನಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ತರಬೇತಿ ಶುರು ಮಾಡಿದರು. ಆ ಕಾಲಕ್ಕೆ ಅಲ್ಲಿನ ಅಂಗಡಿಗಳ ಊಟದ ಕೌಂಟರುಗಳಲ್ಲಿ ಕರಿಯರು ಕೂತು ತಿನ್ನುವ ಹಾಗಿರಲಿಲ್ಲ.

ತರಬೇತಿ ಹೇಗಿತ್ತು ಗೊತ್ತಾ? ಒಬ್ಬರು ಕುರ್ಚಿಯಲ್ಲಿ ಕೂರಬೇಕು, ಉಳಿದವರು ಸುತ್ತ ನಿಂತು ಬೈಯಬೇಕು, ತಳ್ಳಬೇಕು, ಕುರ್ಚಿಯಿಂದ ಕೆಳಗೆ ಬೀಳಿಸಬೇಕು. ಕೂತವರು ತಿರುಗಿ ಹೊಡೆಯಬಾರದು, ಬೈಯಬಾರದು. ಅಷ್ಟೇ ಅಲ್ಲ, ಹೊಡೆಯುವವನನ್ನು ಒಳಗೊಳಗೇ ದ್ವೇಷಿಸಲೂ ಬಾರದು. ತಿಂಗಳುಗಟ್ಟಲೆ ಇದೇ ಅಭ್ಯಾಸ. ಎರಡರಷ್ಟು ಭಾರದ ಮರದ ಕತ್ತಿ ನೆನಪಾಯಿತೇ? ಜಾನ್ ಲೂಯಿಸ್, ಡಯಾನ್ ನ್ಯಾಶ್ ಎಲ್ಲ ಈ ತರಗತಿಯಿಂದಲೇ ಬಂದವರು.

1960ರ ಫೆಬ್ರುವರಿ 13ರಂದು ಅವರು ಕೌಂಟರುಗಳಲ್ಲಿ ಹೋಗಿ ಕೂತರು. ಫೆಬ್ರುವರಿ 27ರಂದು ನಿಜವಾದ ಏಟುಗಳು ಬಿದ್ದವು. ಪೊಲೀಸರು ಹಿಡಿದದ್ದು ಮಾತ್ರ ಏಟು ತಿಂದವರನ್ನು, ಸುಮಾರು 80 ಜನರನ್ನು. ಏಪ್ರಿಲ್ 19ರಂದು ಅವರ ಪರ ವಾದಿಸುತ್ತಿದ್ದ ವಕೀಲರ ಮನೆಗೆ ಬಾಂಬ್ ಹಾಕಿದರು. ಅದೇ ದಿನ ಸಾವಿರಾರು ಜನ ನಗರಸಭೆಗೆ ಸದ್ದಿಲ್ಲದೆ ನಡೆದು ಹೋದರು. ಅಲ್ಲಿ ಡಯಾನ್ ನ್ಯಾಶ್ ಮೇಯರ್‌ನನ್ನು ‘ಬಣ್ಣ ನೋಡಿ ಭೇದ ಮಾಡುವುದು ತಪ್ಪು ಅಂತ ನಿಮಗನ್ನಿಸುತ್ತದಾ?’ ಅಂತ ಕೇಳಿದರು. ಮೇಯರ್ ಹೌದು ಅಂದುಬಿಟ್ಟ. ಮೇ 10ರಂದು ಊರಿನ ಆರು ಅಂಗಡಿಗಳ ಕೌಂಟರು ಎಲ್ಲರಿಗೂ ತೆರೆಯಿತು.

ಆ ಪ್ರಶ್ನೆಯನ್ನೊಮ್ಮೆ ಗಮನಿಸಿ. ಮೇಯರ್‌ನನ್ನು ರಾಕ್ಷಸ ಅಂತ ಅಂದುಕೊಂಡವಳ ಬಾಯಲ್ಲಿ ಆ ಪ್ರಶ್ನೆ ಬರಲು ಸಾಧ್ಯವೇ ಇಲ್ಲ. ಅವನೊಳಗೂ ಒಬ್ಬ ಮನುಷ್ಯ ಇದ್ದಾನೆ, ಅವನನ್ನು ಹಿಡಿದಿಟ್ಟಿರುವುದು ಬೇರೇನೋ ಅಂತ ನಂಬಿದವರು ಮಾತ್ರ ಹಾಗೆ ಕೇಳಬಲ್ಲರು. 1963ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಚಳವಳಿಗೆ ಸೇರುವವರು ಹತ್ತು ನಿಯಮಗಳ ಕಾರ್ಡಿಗೆ ಸಹಿ ಹಾಕಬೇಕಿತ್ತು. ಅದರ ಮೊದಲ ನಿಯಮ ದಿನಾ ಯೇಸುವಿನ ಬದುಕು-ಬೋಧನೆಯನ್ನು ಧ್ಯಾನಿಸುವುದು. ಕೈಯಿಂದ ಮಾತ್ರವಲ್ಲ, ನಾಲಿಗೆಯಿಂದ, ಮನಸ್ಸಿನಿಂದಲೂ ಹಿಂಸೆ ಮಾಡದಿರುವುದು ಇನ್ನೊಂದು. ಲಾಸನ್ ತಮ್ಮ 95ನೇ ವಯಸ್ಸಿನಲ್ಲಿ, 2024ರಲ್ಲಿ ತೀರಿಕೊಂಡರು. ‘ಆತ್ಮಿಕ ಯುದ್ಧ’ ಅಂದಾಗ ನನ್ನ ಕಣ್ಣ ಮುಂದೆ ಬರುವುದು ಆ ಚರ್ಚಿನ ತರಗತಿ, ಶಾಮಿಯಾನ ಅಲ್ಲ.

* * *

ಈಗ ಅಪ್ರಿಯವಾದ ಭಾಗ. ಸಿದ್ಧತೆ ಬಿಟ್ಟು, ಶತ್ರು ಯಾರು ಅನ್ನುವುದನ್ನೂ ಮರೆತು, ಬರೀ ‘ಯುದ್ಧ’ ಉಳಿಸಿಕೊಂಡರೆ ಏನಾಗುತ್ತದೆ?

ಜರ್ಮನಿಯ ಬವೇರಿಯಾದಲ್ಲಿ ಅನೆಲೀಸ್ ಮಿಶೆಲ್ ಅನ್ನುವ ಕಾಲೇಜು ಹುಡುಗಿ ಇದ್ದಳು. ಮೂರ್ಛೆರೋಗ ಅಂತ ವೈದ್ಯರು ಹೇಳಿ ಔಷಧಿ ಕೊಟ್ಟಿದ್ದರು. ಆಮೇಲೆ ಇದು ದೆವ್ವ ಅಂತ ಮನೆಯವರಿಗೂ ಅವಳಿಗೂ ಅನ್ನಿಸಿತು. 1975-76ರಲ್ಲಿ ಇಬ್ಬರು ಪಾದ್ರಿಗಳು, ಬಿಷಪ್ಪರ ಅನುಮತಿ ಪಡೆದೇ, 67 ಸಲ ದೆವ್ವ ಬಿಡಿಸುವ ವಿಧಿ ನಡೆಸಿದರು. 1976ರ ಜುಲೈ 1ರಂದು, 23ನೇ ವಯಸ್ಸಿನಲ್ಲಿ, ಅನ್ನ-ನೀರಿಲ್ಲದೆ ಸೊರಗಿ ಅವಳು ಸತ್ತಳು. 1978ರಲ್ಲಿ ಕೋರ್ಟು ಅಪ್ಪ-ಅಮ್ಮ ಮತ್ತು ಇಬ್ಬರೂ ಪಾದ್ರಿಗಳನ್ನು ನಿರ್ಲಕ್ಷ್ಯದ ಸಾವಿಗೆ ಹೊಣೆ ಅಂತ ತೀರ್ಪು ಕೊಟ್ಟಿತು. ಅವರ್ಯಾರೂ ಕೆಟ್ಟವರಾಗಿರಲಿಲ್ಲ, ಅವಳನ್ನು ಪ್ರೀತಿಸುತ್ತಿದ್ದರು. ನನಗೆ ಹೆದರಿಕೆಯಾಗುವುದೇ ಅದಕ್ಕೆ. ಪ್ರೀತಿ ಇತ್ತು, ನಂಬಿಕೆ ಇತ್ತು, ಪ್ರಾರ್ಥನೆಯೂ ಇತ್ತು. ಇಲ್ಲದೆ ಹೋದದ್ದು ಮೊದಲನೇ ಆಯುಧ, ಅಂದರೆ ಸತ್ಯ. ಮೂರ್ಛೆರೋಗವನ್ನು ಮೂರ್ಛೆರೋಗ ಅನ್ನುವ ಸತ್ಯ.

ಕ್ಯಾಥೊಲಿಕ್ ಚರ್ಚು 1999ರಲ್ಲಿ ಹೊರತಂದ ಪರಿಷ್ಕೃತ ವಿಧಿಯಲ್ಲಿ ಕಾಯಿಲೆಯನ್ನು ದೆವ್ವ ಅಂತ ಎಣಿಸಬಾರದು, ವೈದ್ಯಕೀಯ ತಿಳಿದವರನ್ನು ಕೇಳಬೇಕು ಅಂತ ಎಚ್ಚರಿಸಿದೆ. ನಮ್ಮ ರಾಜ್ಯದಲ್ಲೂ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ಕಾಯ್ದೆ ಪಾಸಾಗಿ 2020ರಲ್ಲಿ ಜಾರಿಗೆ ಬಂದಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಅದರ ಪ್ರಕಾರ ಅಪರಾಧ. ಯಾವ ಧರ್ಮದವನು ಹೊಡೆದರೂ ಅಷ್ಟೇ. ‘ಮಾತ್ರೆ ನಿಲ್ಲಿಸು, ನಂಬಿಕೆ ಸಾಕು’ ಅನ್ನುವ ಬೋಧಕ ಸೈತಾನನ ವಿರುದ್ಧ ಯುದ್ಧ ಮಾಡುತ್ತಿಲ್ಲ. ಯಾರ ಪರವಾಗಿ ಮಾಡುತ್ತಿದ್ದಾನೆ ಅಂತ ನೀವೇ ಯೋಚಿಸಿ. ಹೊಸ ಒಡಂಬಡಿಕೆಯ ಒಬ್ಬ ಲೇಖಕ, ಲೂಕ, ಪೌಲನ ಪ್ರೀತಿಯ ವೈದ್ಯ ಅಂತಲೇ ಹೆಸರಾದವನು, ಅದನ್ನಾದರೂ ನೆನಪಿಡಬೇಕು.

ಇನ್ನೊಂದು ಬಗೆಯ ತಪ್ಪೂ ಇದೆ. 1990ರ ದಶಕದಲ್ಲಿ ಅಮೆರಿಕದ ಪೀಟರ್ ವ್ಯಾಗ್ನರ್ ಮತ್ತಿತರರು ಒಂದೊಂದು ಪ್ರದೇಶಕ್ಕೂ ಅದನ್ನಾಳುವ ಒಂದೊಂದು ದುರಾತ್ಮ ಇರುತ್ತದೆ, ನಕ್ಷೆ ಮಾಡಿ ಅವುಗಳ ವಿರುದ್ಧ ಪ್ರಾರ್ಥಿಸಬೇಕು ಅನ್ನುವ ಬೋಧನೆಯನ್ನು ಜನಪ್ರಿಯ ಮಾಡಿದರು. ಕೇಳಲು ರೋಚಕ. ಆದರೆ ನಕ್ಷೆ ಹಿಡಿದುಕೊಂಡು ಓಡಾಡಿದರೆ ಕೊನೆಗೆ ಕಣ್ಣಿಗೆ ಬೀಳುವುದು ಅಲ್ಲಿ ವಾಸವಾಗಿರುವ ಜನ, ಅವರ ಗುಡಿ, ಅವರ ಹಬ್ಬ. ಆತ್ಮದ ಮೇಲಿನ ಯುದ್ಧ ಯಾವಾಗ ಓಣಿಯ ಮೇಲಿನ ಯುದ್ಧ ಆಯಿತು ಅನ್ನುವುದು ಗೊತ್ತೇ ಆಗುವುದಿಲ್ಲ. ಇದನ್ನು ಹೇಳಿದ್ದು ಹೊರಗಿನವರಲ್ಲ. ಲೌಸಾನ್ ಚಳವಳಿ ಅನ್ನುವ ಸುವಾರ್ತಾ ಕ್ರೈಸ್ತರ ಒಕ್ಕೂಟದ್ದೇ ಒಂದು ಗುಂಪು 1993ರಲ್ಲಿ ಲಂಡನ್ನಿನಲ್ಲಿ ಸೇರಿ ಎಚ್ಚರಿಕೆ ಕೊಟ್ಟಿತು. ಯುದ್ಧದ ಭಾಷೆ ನಮ್ಮನ್ನು ಮನುಷ್ಯರ ಮೇಲೆಯೇ ಎತ್ತಿಕಟ್ಟೀತು, ಬೇರೆ ಧರ್ಮದವರು ಅದನ್ನು ಹಿಂಸೆ ಅಂತಲೇ ತಿಳಿದಾರು ಅನ್ನುವುದು ಅದರ ಒಂದು ಮುಖ್ಯ ಅಂಶ.

ಹಾಗಿದ್ದರೆ ‘ಯುದ್ಧ’ ಅನ್ನುವ ಪದವನ್ನೇ ಬಿಟ್ಟುಬಿಡಿ ಅಂತ ನನ್ನ ಒಬ್ಬ ಗೆಳೆಯ ಹೇಳುತ್ತಾನೆ. ನಾನು ಒಪ್ಪುವುದಿಲ್ಲ. ಹತ್ತು ವರ್ಷ ಕುಡಿತದ ಜೊತೆ ಬಡಿದಾಡಿ ಹೊರಬಂದವನಿಗೆ ಕೇಳಿ ನೋಡಿ, ಅದು ಯುದ್ಧವೋ ಅಲ್ಲವೋ ಅಂತ. ದಾಯಾದಿಯ ಮೇಲಿನ ಹಗೆಯನ್ನು ಬಿಡಲಿಕ್ಕೆ ಒದ್ದಾಡಿದವರನ್ನು ಕೇಳಿ. ಇದನ್ನು ‘ಪರ್ಸನಲ್ ಗ್ರೋತ್’ ಅಂತ ಕರೆದರೆ ಅವರು ನಕ್ಕುಬಿಡುತ್ತಾರೆ. ಪದ ಬೇಕು. ಆದರೆ ಅದರ ಜೊತೆಗೆ ಬಂದ ಷರತ್ತೂ ಬೇಕು.

ಇನ್ನು ನನ್ನ ಸಭೆಯವರೇ ಕೆಲವರು ‘ನೀನು ಎಲ್ಲವನ್ನೂ ಮನಃಶಾಸ್ತ್ರ ಮಾಡಿಬಿಟ್ಟೆ, ಸೈತಾನನೇ ಇಲ್ಲ ಅಂತೀಯಾ?’ ಅಂತ ಕೇಳಬಹುದು. ಇಲ್ಲ ಅನ್ನುತ್ತಿಲ್ಲ. ನ್ಯಾಶ್‌ವಿಲ್ಲಿನ ಒಬ್ಬೊಬ್ಬ ಬಿಳಿಯನೂ ತನ್ನ ಮನೆಯಲ್ಲಿ ಒಳ್ಳೆಯವನೇ ಆಗಿದ್ದಿರಬಹುದು. ಎಲ್ಲರೂ ಸೇರಿದಾಗ ಮಾತ್ರ ಒಬ್ಬರಿಗೂ ಹಿಡಿತಕ್ಕೆ ಸಿಗದ ಒಂದು ಕ್ರೌರ್ಯ ಅವರನ್ನೆಲ್ಲ ಆಳುತ್ತಿತ್ತು. ಅದಕ್ಕೆ ನಾನು ಬೇರೆ ಹೆಸರು ಹುಡುಕಲಾರೆ. ಆದರೆ ಅದರ ಬಗ್ಗೆ ಎಷ್ಟು ಯೋಚಿಸಬೇಕೋ ಅಷ್ಟೇ ಯೋಚಿಸಿದರೆ ಸಾಕು. ಸಿ.ಎಸ್. ಲೂಯಿಸ್ 1942ರಲ್ಲಿ ಹಿರಿಯ ದೆವ್ವ ಕಿರಿಯ ದೆವ್ವಕ್ಕೆ ಬರೆದ ಪತ್ರಗಳ ರೂಪದಲ್ಲಿ ಒಂದು ಪುಸ್ತಕ ಬರೆದ. ದೆವ್ವವೇ ಇಲ್ಲ ಅನ್ನುವುದು ಒಂದು ತಪ್ಪು, ಅತಿಯಾಗಿ ಅದನ್ನೇ ಹಚ್ಚಿಕೊಳ್ಳುವುದು ಇನ್ನೊಂದು ತಪ್ಪು ಅನ್ನುವುದು ಅವನ ಮುನ್ನುಡಿಯ ವಾದ. ನಮ್ಮಲ್ಲಿ ಎರಡನೆಯದೇ ಜಾಸ್ತಿ.

* * *

ಹಾಗಾದರೆ ಸಿದ್ಧತೆ ಅಂದರೆ ಏನು ಮಾಡಬೇಕು? ನನಗೆ ತಿಳಿದ ಪಟ್ಟಿ ಚಿಕ್ಕದು.

ಮಲಗುವ ಮುಂಚೆ ದಿನದ ಲೆಕ್ಕ ನೋಡುವುದು. 1521ರಲ್ಲಿ ಪಾಂಪ್ಲೋನಾ ಕೋಟೆಯ ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದು ಮಂಚ ಹಿಡಿದ ಇಗ್ನೇಷಿಯಸ್ ಲೊಯೋಲ ಅನ್ನುವ ಯೋಧ, ಆಮೇಲೆ ಜೆಸ್ವಿಟ್ ಸಂಘ ಕಟ್ಟಿದವರು, ಇದನ್ನು ಕ್ರಮಬದ್ಧವಾಗಿ ಕಲಿಸಿದರು. ಅವರದ್ದೇ ಇನ್ನೊಂದು ಸಲಹೆ ನನಗೆ ಬಹಳ ಇಷ್ಟ: ಮನಸ್ಸು ಕುಸಿದಿರುವಾಗ ಮೊದಲು ಮಾಡಿದ ನಿರ್ಧಾರಗಳನ್ನು ಬದಲಿಸಬೇಡಿ. ಶುಕ್ರವಾರ ಸಂಜೆ ಪ್ರೊಡಕ್ಷನ್ನಿಗೆ ಕೋಡ್ ಹಾಕಬೇಡಿ ಅಂತೀವಲ್ಲ, ಅದೇ ಜಾತಿಯ ಬುದ್ಧಿವಾದ :)

ಒಂದಿಷ್ಟು ವಾಕ್ಯಗಳನ್ನು ಬಾಯಿಪಾಠ ಇಟ್ಟುಕೊಳ್ಳುವುದು, ಆಸ್ಪತ್ರೆಯ ಕಾರಿಡಾರಿನಲ್ಲಿ ಮೊಬೈಲ್ ಚಾರ್ಜ್ ಇಲ್ಲದಿದ್ದಾಗಲೂ ನೆನಪಾಗುವ ಹಾಗೆ. ಜೊತೆಗೊಬ್ಬ ಗೆಳೆಯನನ್ನು ಇಟ್ಟುಕೊಳ್ಳುವುದು, ‘ಈ ವಾರ ನೀನು ಸುಳ್ಳು ಹೇಳಿದ್ಯಾ?’ ಅಂತ ನೇರವಾಗಿ ಕೇಳುವಂಥವನನ್ನು. ಕಾಯಿಲೆಗೆ ಡಾಕ್ಟರ ಹತ್ತಿರ ಹೋಗುವುದು, ಮನಸ್ಸಿನ ಕಾಯಿಲೆಗೂ. ಆಮೇಲೆ, ಯಾರನ್ನು ಕಂಡರೆ ಆಗುವುದಿಲ್ಲವೋ ಅವರ ಹೆಸರು ಹಿಡಿದು ಪ್ರಾರ್ಥಿಸುವುದು. ‘ಅವನಿಗೆ ಬುದ್ಧಿ ಕೊಡು’ ಅಂತ ಅಲ್ಲ, ‘ಅವನ ಮಗಳಿಗೆ ಸೀಟು ಸಿಗಲಿ’ ಅಂತ.

ನಮ್ಮಜ್ಜಿಗೆ ‘ಆತ್ಮಿಕ ಯುದ್ಧ’ ಅನ್ನುವ ಶಬ್ದ ಬಳಸಿ ಗೊತ್ತಿರಲಿಲ್ಲ. ಬೈಬಲಿನೊಳಗೆ ಒಂದು ಮಡಚಿದ ಕಾಗದ ಇರುತ್ತಿತ್ತು, ಪ್ರಾರ್ಥನೆ ಮಾಡಬೇಕಾದವರ ಹೆಸರಿನದ್ದು. ಜಮೀನಿನ ವಿಷಯದಲ್ಲಿ ನಮ್ಮ ಮೇಲೆ ಕೋರ್ಟಿಗೆ ಹೋದ ಸಂಬಂಧಿಕರೊಬ್ಬರ ಹೆಸರು ಅದರಲ್ಲಿ ಮೇಲಿನಿಂದ ಮೂರನೆಯದು. ಕೇಸು ಮುಗಿಯುವ ತನಕವೂ ಇತ್ತು, ಮುಗಿದ ಮೇಲೂ ಇತ್ತು. ಕೇಸು ನಾವು ಸೋತೆವು. ಆದರೆ ಅಜ್ಜಿ ತೀರಿಕೊಂಡಾಗ ಮೊದಲು ಬಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಅವರೇ. ಆ ಯುದ್ಧದಲ್ಲಿ ಗೆದ್ದವರು ಯಾರು ಅಂತ ನನಗೆ ಯಾವ ಅನುಮಾನವೂ ಇಲ್ಲ.

ಸಿಸ್ಟಮ್ ಕೆಲಸದವರಲ್ಲಿ ಒಂದು ಮಾತಿದೆ, ಬ್ಯಾಕಪ್ ಇದೆ ಅಂದರೆ ಸಾಲದು, ಅದನ್ನು ವಾಪಸ್ ಹಾಕಿ ನೋಡಿದ್ದೀರಾ ಅಂತ. ನಂಬಿಕೆಯ ವಿಷಯವೂ ಹಾಗೆಯೇ. ದೊಡ್ಡ ಪರೀಕ್ಷೆಯ ದಿನ ಅದು ನಿಲ್ಲುತ್ತದಾ ಅಂತ ಕಂಡುಕೊಳ್ಳಲು ಇರುವ ದಾರಿ ಒಂದೇ, ಸಣ್ಣ ಪರೀಕ್ಷೆಯ ದಿನ ಬಳಸಿ ನೋಡುವುದು. ಅಂಥ ಸಣ್ಣ ಪರೀಕ್ಷೆ ಬಹುಶಃ ಇವತ್ತೇ ನಿಮ್ಮ ಫೋನಿನಲ್ಲಿ ಇದೆ, ಬಹಳ ದಿನದಿಂದ ನೀವು ಮಾಡದೆ ಬಿಟ್ಟ ಒಂದು ನಂಬರಿನ ರೂಪದಲ್ಲಿ. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಸಮಯ ಇದೆ.

ನೀವೇನಂತೀರಿ? ಒಪ್ಪದವರು ಖಂಡಿತ ಬರೆಯಿರಿ, ಒಪ್ಪುವವರಿಗಿಂತ ನಿಮ್ಮ ಮಾತೇ ನನಗೆ ಹೆಚ್ಚು ಬೇಕು.